ಲೋಕಲ್ ನಿಂತ ದಿನಕ್ಕೆ ಬೇಕಾದ ಲೆಕ್ಕ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮುಂಬಯಿಯ ನಿಮ್ಮ ಕನ್ನಡ ಸಂಘದ ಕಾರ್ಯದರ್ಶಿ ಆದೆಯಂತೆ, ತುಂಬ ಸಂತೋಷವಾಯಿತು. ಕೊರೋನಾದಂಥದ್ದು ಇನ್ನೊಮ್ಮೆ ಬಂದರೆ ಸಂಘ ಏನು ಮಾಡಬೇಕು, ನಮ್ಮವರ ಹೋಟೆಲು ಅಂಗಡಿಗಳಿಗೆ ಹೇಗೆ ಒದಗಬೇಕು ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಯುವುದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬೇರೆ ಸಂಘದವರಿಗೂ ಬೇಕಾದೀತೆಂದು ಎಲ್ಲರಿಗೂ ಕಾಣುವಂತೆ ಇಲ್ಲೇ ಹಾಕುತ್ತೇನೆ.

ಮೊದಲು ದೂರದ ಮಾತು. 2020ರ ಮಾರ್ಚ್ 23ರಿಂದ ಮುಂಬಯಿಯಲ್ಲಿ ಲೋಕಲ್ ರೈಲು ಇರಲಿಲ್ಲ. ಜೂನ್ 15ಕ್ಕೆ ಅಗತ್ಯ ಸೇವೆಯವರಿಗೆ ಮಾತ್ರ ಶುರುವಾಯಿತು. ಉಳಿದವರಿಗೆ 2021ರ ಫೆಬ್ರವರಿ 1ರಂದು ಗೊತ್ತಾದ ವೇಳೆಯಲ್ಲಷ್ಟೇ ಬಾಗಿಲು ತೆರೆಯಿತು. ಏಪ್ರಿಲ್‌ನಲ್ಲಿ ಮತ್ತೆ ಮುಚ್ಚಿ, ಎರಡು ಡೋಸ್ ಆದವರಿಗೆ ಆಗಸ್ಟ್ 15ರಿಂದ ಬಿಟ್ಟರು. ನಮ್ಮ ಸಂಘಗಳ ಆಫೀಸು ಮಾಟುಂಗದಲ್ಲೋ ಸಾಂತಾಕ್ರೂಜಿನಲ್ಲೋ ಇರುತ್ತದೆ, ಸದಸ್ಯರು ವಿರಾರಿನಿಂದ ಬದಲಾಪುರದವರೆಗೆ ಹರಡಿರುತ್ತಾರೆ. ರೈಲು ನಿಂತರೆ ಆಫೀಸಿನ ಬೀರುವಿನಲ್ಲಿರುವ ರಿಜಿಸ್ಟರ್ ಕೂಡ ಕೈಗೆ ಸಿಗುವುದಿಲ್ಲ. ಆದ್ದರಿಂದ ನೀನು ಮಾಡುವ ಯಾವ ಯೋಜನೆಯೂ ಒಬ್ಬ ಮನುಷ್ಯ ನಡೆದುಹೋಗುವ ದೂರದೊಳಗೆ ನಿಲ್ಲುವಂತಿರಬೇಕು. ಹೋಟೆಲಿನ ಗಿರಾಕಿಗೂ ಇದೇ ಮಾತು, ರೇಷನ್ ಚೀಲಕ್ಕೂ ಇದೇ ಮಾತು.

ಸದಸ್ಯರ ಪಟ್ಟಿಯನ್ನು ಈಗಲೇ ಮಾಡು, ರೋಗ ಬಂದ ಮೇಲಲ್ಲ. ಅಕಾರಾದಿಯಾಗಿ ಬೇಡ, ಸ್ಟೇಷನ್ ಪ್ರಕಾರ ಮಾಡು, ಅದರಲ್ಲೂ ಹಳಿಯ ಪೂರ್ವದ ಕಡೆ, ಪಶ್ಚಿಮದ ಕಡೆ ಬೇರೆ ಬೇರೆ. ಹೆಸರು, ಬಿಲ್ಡಿಂಗ್, ವಿಂಗ್, ರೂಮ್ ನಂಬರ್, ಎಷ್ಟನೇ ಮಹಡಿ, ಲಿಫ್ಟ್ ಇದೆಯೋ ಇಲ್ಲವೋ, ಮನೆಯಲ್ಲಿ ಎಷ್ಟು ಜನ, ದಿನಾ ನುಂಗುವ ಮಾತ್ರೆ, ಪಕ್ಕದ ಮನೆಯವರ ನಂಬರ್, ಊರಿನಲ್ಲಿ ಯಾರಿಗೆ ತಿಳಿಸಬೇಕು. ಒಬ್ಬ ಕಾರ್ಯಕರ್ತನಿಗೆ ಹತ್ತು ಮನೆ ಸಾಕು. ಹೆಚ್ಚು ಕೊಟ್ಟರೆ ಎರಡನೇ ವಾರಕ್ಕೆ ಫೋನು ಮಾಡುವುದು ತಪ್ಪುತ್ತದೆ. "ಹೇಗಿದ್ದೀರಿ" ಎಂದು ಕೇಳಬಾರದು. ನಮ್ಮ ಹಿರಿಯರು ಜ್ವರ ಬಂದು ಮಲಗಿದ್ದರೂ "ಆರಾಮ" ಎಂದೇ ಹೇಳುತ್ತಾರೆ. "ಬಿಪಿ ಮಾತ್ರೆ ಇನ್ನೆಷ್ಟು ದಿನಕ್ಕಿದೆ ಅಮ್ಮಾ? ಸಿಲಿಂಡರ್ ಬಂದು ಎಷ್ಟು ದಿನ ಆಯ್ತು? ನಿನ್ನೆ ರಾತ್ರಿ ಏನು ಅಡುಗೆ?" ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಮನೆಯ ಸ್ಥಿತಿ ಗೊತ್ತಾಗುತ್ತದೆ. ಪಟ್ಟಿಯನ್ನು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಾಕಬೇಡ. ಒಬ್ಬಂಟಿ ವೃದ್ಧರ ವಿಳಾಸ ಯಾರ್ಯಾರ ಕೈಗೋ ಹೋಗುವುದು ಒಳ್ಳೆಯದಲ್ಲ. ಆಯಾ ಸ್ಟೇಷನ್ ನೋಡಿಕೊಳ್ಳುವವರ ಬಳಿ ಕಾಗದದಲ್ಲಿ ಒಂದು ಪ್ರತಿ, ನಿನ್ನ ಬಳಿ ಒಂದು.

ಇನ್ನು ಹೋಟೆಲು. ಕೈ ಕಟ್ಟಿದಾಗ ಎಲ್ಲರೂ ಮೊದಲು ಹೇಳುವುದು "ಆ್ಯಪ್‌ಗೆ ಸೇರಿಸಿ, ಆನ್‌ಲೈನ್ ಮಾಡಿ" ಎಂದು. ಅದಕ್ಕೆ ಮುಂಚೆ ಗಲ್ಲಾದಲ್ಲಿ ಕೂತವರ ಜೊತೆ ಎರಡು ಗಂಟೆ ಕೂತು ಲೆಕ್ಕ ಬರೆಯಬೇಕು. ಸಂಘದಿಂದ ಆಗಬಹುದಾದ ಅತಿ ದೊಡ್ಡ ಉಪಕಾರ ಇದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಮಧ್ಯಮ ಗಾತ್ರದ ಉಡುಪಿ ಹೋಟೆಲನ್ನು ಉದಾಹರಣೆಗೆ ಇಟ್ಟುಕೋ. ಕಂಡಕ್ಟಿಂಗ್‌ಗೆ (ಬೇರೆಯವರ ಹೋಟೆಲನ್ನು ನಡೆಸಲು ಮಾಲೀಕರಿಗೆ ಕೊಡುವ ಹಣ) ತಿಂಗಳಿಗೆ 1,20,000, ಊರಿಗೆ ಹೋಗದೆ ಉಳಿದ ಆರು ಜನರ ಸಂಬಳ ಮತ್ತು ಊಟ 90,000, ಕರೆಂಟು, ನೀರು, ಬಡ್ಡಿ, ಇತರೆ 30,000. ಒಟ್ಟು 2,40,000, ಅಂದರೆ ಒಲೆ ಹಚ್ಚಿದರೂ ಹಚ್ಚದಿದ್ದರೂ ದಿನಕ್ಕೆ 8,000. ಈಗ 120 ರೂಪಾಯಿಯ ಒಂದು ಪಾರ್ಸೆಲ್. ಸಾಮಾನು, ಗ್ಯಾಸು 50, ಡಬ್ಬಿ, ಚೀಲ 10. ಉಳಿಯುವುದು 60. ದಿನಕ್ಕೆ 134 ಪಾರ್ಸೆಲ್ ಹೋದರೆ ಸಮ. ಅದೇ ಪಾರ್ಸೆಲ್ ಆ್ಯಪ್ ಮೂಲಕ ಹೋದರೆ, ಕಮಿಷನ್ ಶೇ 22 ಎಂದುಕೊಂಡರೂ, ಅದರ ಮೇಲಿನ ಶೇ 18 ಜಿಎಸ್‌ಟಿ ಸೇರಿ ಸುಮಾರು 31 ರೂಪಾಯಿ ಹೋಗಿ ಕೈಗೆ ಉಳಿಯುವುದು 29. ಆಗ 276 ಪಾರ್ಸೆಲ್ ಬೇಕು. ಅರ್ಧ ಅಡುಗೆಮನೆಯಲ್ಲಿ, ಅರ್ಧ ಜನರನ್ನಿಟ್ಟುಕೊಂಡು 276 ಪಾರ್ಸೆಲ್ ತೆಗೆಯುವುದು ಯಾರಿಂದಲೂ ಆಗದು.

ಈಗ ಕಂಡಕ್ಟಿಂಗ್ ಹಣ ಅರ್ಧಕ್ಕಿಳಿದರೆ ನೋಡು. ದಿನದ ಖರ್ಚು 6,000, ನೇರ ಪಾರ್ಸೆಲ್ ನೂರೇ ಸಾಕು. ಆದ್ದರಿಂದ ಮೊದಲ ವಾರದಲ್ಲೇ ಜಾಗದ ಮಾಲೀಕರ ಜೊತೆ ಮಾತಾಡಬೇಕು. ಬರೀ "ಸ್ವಲ್ಪ ಕಡಿಮೆ ಮಾಡಿ" ಎಂದರೆ ಆಗುವುದಿಲ್ಲ. ಕೂತು ತಿನ್ನಲು ಅನುಮತಿ ಬರುವ ತನಕ ದಿನದ ವ್ಯಾಪಾರದಲ್ಲಿ ಶೇಕಡಾ ಇಷ್ಟು ಎಂದು ಕೇಳಿ, ಕೊನೆಯ ತಾರೀಖು ಸಮೇತ ಬರವಣಿಗೆಯಲ್ಲಿ ಮಾಡಿಕೊಳ್ಳಬೇಕು. ಲಾಕ್‌ಡೌನ್ ಬಂತೆಂದು ಬಾಡಿಗೆ ತಾನಾಗಿ ಮನ್ನಾ ಆಗುತ್ತದೆ ಎಂದು ನಂಬಿ ಕೂತವರು ಬಹಳ. 2020ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ತನ್ನ ಮುಂದೆ ಬಂದ ಒಂದು ಅಂಗಡಿಯ ಪ್ರಕರಣದಲ್ಲಿ ಬಾಡಿಗೆ ಮನ್ನಾಕ್ಕೆ ಒಪ್ಪಲಿಲ್ಲ, ಕಟ್ಟಲು ಸ್ವಲ್ಪ ಸಮಯವಷ್ಟೇ ಕೊಟ್ಟಿತು. ಕರಾರಿನಲ್ಲಿ ಏನು ಬರೆದಿದೆ ಎಂಬುದೇ ಮುಖ್ಯ. ಡಿಪಾಸಿಟ್‌ನಲ್ಲಿ ಮುರಿದುಕೊಳ್ಳಿ ಎನ್ನುವುದೂ ಒಂದು ದಾರಿ, ಆದರೆ ಅಂಗಡಿ ತೆರೆದ ತಿಂಗಳೇ ಅದನ್ನು ಮತ್ತೆ ತುಂಬಿ ಎಂದರೆ ಎಲ್ಲಿಂದ ತರುವುದು? ಯಾವಾಗ, ಎಷ್ಟು ಕಂತಿನಲ್ಲಿ ತುಂಬುವುದು ಎಂಬುದನ್ನೂ ಅದೇ ಕಾಗದದಲ್ಲಿ ಬರೆಸು. ಮಹಾರಾಷ್ಟ್ರದಲ್ಲಿ ಹೋಟೆಲಿನೊಳಗೆ ಕೂತು ತಿನ್ನಲು ಬಿಟ್ಟದ್ದು 2020ರ ಅಕ್ಟೋಬರ್ 5ಕ್ಕೆ, ಅದೂ ಅರ್ಧ ಜನಕ್ಕೆ. ಆರು ತಿಂಗಳ ಲೆಕ್ಕ ಹಾಕಿ ಮಾತಾಡುವುದು ಕ್ಷೇಮ.

ಫೋರ್ಟಿನ ಹೋಟೆಲಿಗೂ ಮುಲುಂಡಿನ ಹೋಟೆಲಿಗೂ ಒಂದೇ ಮದ್ದು ಹೇಳಬೇಡ. ಮುಲುಂಡಿನಲ್ಲಿ ಸುತ್ತ ಮನೆಗಳಿವೆ, ಪಾರ್ಸೆಲ್ ನಡೆಯುತ್ತದೆ. ಫೋರ್ಟಿನಲ್ಲಿ ಆಫೀಸು ಮುಚ್ಚಿದರೆ ಗಿರಾಕಿಯೇ ಇಲ್ಲ. ಅಲ್ಲಿ ಆಸ್ಪತ್ರೆ, ಪೊಲೀಸ್ ಠಾಣೆ, ಪಾಲಿಕೆಯ ವಾರ್ಡ್ ಆಫೀಸು, ಬ್ಯಾಂಕು ಇವಕ್ಕೆ ಒಟ್ಟಾಗಿ ಊಟ ಕೊಡುವ ಕೆಲಸ ಹುಡುಕಬೇಕು. ಅದೂ ಸಿಗದಿದ್ದರೆ ಒಲೆ ಆರಿಸಿ ಖರ್ಚು ಕಡಿಮೆ ಮಾಡುವುದೇ ಸರಿ. ದಿನಾ ನಷ್ಟದಲ್ಲಿ ತೆರೆದಿಡುವುದು ಧೈರ್ಯವಲ್ಲ.

ಪಾರ್ಸೆಲ್‌ಗೆ ಎಂಬತ್ತು ಐಟಂ ಬೇಡ, ಹದಿನೈದು ಸಾಕು. ಅರ್ಧ ಗಂಟೆ ಡಬ್ಬಿಯಲ್ಲಿ ಕೂತರೂ ಕೆಡದಂಥವು ಇರಲಿ: ಇಡ್ಲಿ, ಉಪ್ಪಿಟ್ಟು, ಶೀರಾ, ಬಿಸಿಬೇಳೆಬಾತ್, ಚಪಾತಿ ಭಾಜಿ. ಪೂರಿ ಬೇಡ. ಮಸಾಲೆದೋಸೆಯನ್ನು ಕಾವಲಿಯಿಂದ ತೆಗೆದದ್ದೇ ಮುಚ್ಚಿದರೆ ಅದರ ಹಬೆಗೆ ಅದೇ ಮೆತ್ತಗಾಗಿ ಚರ್ಮದ ಹಾಗೆ ಎಳೆಯುತ್ತದೆ. ತಂತಿಯ ಜಾಲರಿಯ ಮೇಲೆ ಒಂದು ನಿಮಿಷ ಆರಲು ಬಿಟ್ಟು, ಬಟರ್ ಪೇಪರಿನಲ್ಲಿ ಸಡಿಲವಾಗಿ ಮಡಿಸಿ, ಮುಚ್ಚಳಕ್ಕೆ ಎರಡು ತೂತು ಹಾಕಬೇಕು. ಪಲ್ಯ ಬೇರೆ ಡಬ್ಬಿಯಲ್ಲಿ ಹೋಗಲಿ. ನೀರುದೋಸೆ ಬಿಸಿಯಲ್ಲೇ ಒಂದರ ಮೇಲೊಂದು ಇಟ್ಟರೆ ಮುದ್ದೆಯಾಗುತ್ತದೆ, ಅದನ್ನೂ ಬಿಡಿಬಿಡಿಯಾಗಿ ಆರಿಸಿಯೇ ಮಡಿಸಬೇಕು. 200 ಮಿಲಿ ಸಾಂಬಾರಿಗೆ 250 ಮಿಲಿಯ ಡಬ್ಬಿ ತರಿಸು. ಕಂಠಮಟ್ಟ ತುಂಬಿದರೆ ಹಬೆಗೆ ಮುಚ್ಚಳ ಎದ್ದು ಚೀಲವೆಲ್ಲ ಸಾಂಬಾರು. ಕಾಯಿಚಟ್ನಿ ಬಿಸಿ ಡಬ್ಬಿಗೆ ತಾಗಿಕೊಂಡು ಹೋಗಬಾರದು, ಬೇಗ ಹುಳಿಯುತ್ತದೆ.

ದೋಸೆಹಿಟ್ಟು ಮಾರುವುದು ಒಳ್ಳೆಯ ದಾರಿ, ಗ್ರೈಂಡರ್ ಹೇಗೂ ಇದೆ. ಆದರೆ ಚೀಲದೊಳಗೂ ಹಿಟ್ಟು ಹುದುಗುತ್ತಲೇ ಇರುತ್ತದೆ. ಪೂರ್ತಿ ಹುದುಗುವ ಮೊದಲೇ ತುಂಬಿ, ಮೂರನೇ ಒಂದು ಭಾಗ ಖಾಲಿ ಬಿಟ್ಟು, ಕೂಡಲೇ 5 ಡಿಗ್ರಿಗಿಂತ ಕೆಳಗೆ ತಣಿಸಬೇಕು. ಇಲ್ಲದಿದ್ದರೆ ಗಿರಾಕಿಯ ಫ್ರಿಜ್ಜಿನಲ್ಲಿ ಚೀಲ ಉಬ್ಬಿ ಒಡೆಯುತ್ತದೆ. ಮುಚ್ಚಿದ ಪ್ಯಾಕೆಟ್ಟಾದರೆ ತೂಕ, ಬೆಲೆ, ತಯಾರಾದ ತಾರೀಖು, ಆಹಾರ ಪರವಾನಗಿಯ (ಎಫ್‌ಎಸ್‌ಎಸ್‌ಎಐ) ನಂಬರ್ ಎಲ್ಲ ಮೇಲೆ ಬರೆದಿರಬೇಕು.

ನೇರ ಆರ್ಡರ್ ಹಿಡಿಯಲು ವಾಟ್ಸ್‌ಆ್ಯಪ್ ಬಿಸಿನೆಸ್ ಸಾಕು. ಕ್ಯಾಟಲಾಗ್‌ನಲ್ಲಿ ಹದಿನೈದು ಚಿತ್ರ, ಹತ್ತಿರದ ಸೊಸೈಟಿಗಳ ಗೇಟಿನಲ್ಲಿ ಒಂದು ಚೀಟಿ. ಬ್ರಾಡ್‌ಕಾಸ್ಟ್ ಸಂದೇಶ ನಿನ್ನ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ ಎಂಬುದು ಎಷ್ಟೋ ಅಂಗಡಿಯವರಿಗೆ ಗೊತ್ತಿಲ್ಲ. ಚೀಟಿಯಲ್ಲೇ "ಈ ನಂಬರ್ ಸೇವ್ ಮಾಡಿ" ಎಂದು ಅಚ್ಚುಹಾಕಿಸು. ಕ್ಯೂಆರ್ ಕೋಡನ್ನು ಮಗನ ಖಾತೆಗೆ ಜೋಡಿಸದೆ ಹೋಟೆಲಿನ ಕರೆಂಟ್ ಅಕೌಂಟಿಗೇ ಜೋಡಿಸಬೇಕು. ನಾಳೆ ಸಾಲ ಕೇಳುವಾಗ ವ್ಯಾಪಾರ ತೋರಿಸುವ ಕಾಗದ ಅದೇ. ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕೊಡುವುದು ಬೇಡ, ಹಣ ಬಂದ ಸದ್ದು ಅಥವಾ ಬ್ಯಾಂಕಿನ ಮೆಸೇಜ್ ಬರಲಿ.

ಸಾಲದ ವಿಚಾರ ಚುಟುಕಾಗಿ ಹೇಳುತ್ತೇನೆ. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು, ಆದರೆ ಬಡ್ಡಿ ಓಡುತ್ತಲೇ ಇತ್ತು. ಕೈಯಲ್ಲಿ ಹಣ ಇದ್ದವರು ಕಟ್ಟುವುದೇ ಲಾಭವಾಗಿತ್ತು. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಗ್ಯಾರಂಟಿ ನಿಂತು ಕೊಡಿಸಿದ ಸಾಲ 2020ರ ಫೆಬ್ರವರಿ 29ಕ್ಕೆ ಬಾಕಿ ಇದ್ದ ಸಾಲದ ಶೇ 20ರಷ್ಟು. ಅಂದರೆ ಬ್ಯಾಂಕಿನಲ್ಲಿ ಸಾಲವೇ ಇಲ್ಲದೆ, ಚಿಟ್ ಫಂಡು, ನೆಂಟರ ಕೈಗಡದಲ್ಲಿ ವ್ಯಾಪಾರ ನಡೆಸಿದ ನಮ್ಮವರಿಗೆ ಅದು ಸಿಗಲಿಲ್ಲ. ಬೀದಿಬದಿ ವ್ಯಾಪಾರಿಗಳಿಗೆ ಆ ವರ್ಷದ ಜೂನ್‌ನಲ್ಲಿ ಬಂದ ಕೇಂದ್ರದ ಸ್ವನಿಧಿ ಯೋಜನೆಯ 10,000 ರೂಪಾಯಿ ಸಾಲಕ್ಕೂ ಪಾಲಿಕೆಯ ಗುರುತಿನ ಕಾಗದವೋ ಶಿಫಾರಸು ಪತ್ರವೋ ಬೇಕಿತ್ತು. ಹಾಗಾಗಿ ಶಾಂತ ಕಾಲದಲ್ಲೇ ಸಣ್ಣ ಉದ್ಯಮಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸು (ಅದು ಉಚಿತ, ಏಜೆಂಟರಿಗೆ ದುಡ್ಡು ಕೊಡಬೇಡ), ಕರೆಂಟ್ ಅಕೌಂಟಿನಲ್ಲಿ ಒಂದು ಸಣ್ಣ ಓವರ್‌ಡ್ರಾಫ್ಟ್ ಸಾಲವಾದರೂ ಇರಲಿ.

ಸಂಘ ರೇಷನ್ ಹಂಚುವುದಾದರೆ ಅಳತೆ ಮೊದಲು. ನಾಲ್ಕು ಜನಕ್ಕೆ ಹದಿನೈದು ದಿನ ಅಂದರೆ ಅಕ್ಕಿ, ಹಿಟ್ಟು ಸೇರಿ 20 ಕಿಲೋ, ಬೇಳೆ 3 ಕಿಲೋ, ಎಣ್ಣೆ 2 ಲೀಟರ್. ಮೇಲೆ ಸಕ್ಕರೆ, ಚಾಪುಡಿ, ಉಪ್ಪು, ಸೋಪು, ಸ್ಯಾನಿಟರಿ ಪ್ಯಾಡ್. ಕರಾವಳಿಯವರಿಗೆ ಕುಚ್ಚಲಕ್ಕಿ, ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ವಿಜಯಪುರದವರಿಗೆ ಜೋಳದ ಹಿಟ್ಟು. ಒಟ್ಟು ತೂಕ 28 ಕಿಲೋದ ಹತ್ತಿರ ಬರುತ್ತದೆ. ಲಿಫ್ಟ್ ಇಲ್ಲದ ಚಾಳ್‌ಗೆ (ಸಾಲುಕೋಣೆಗಳ ಹಳೆಯ ಕಟ್ಟಡಕ್ಕೆ) ಒಂದೇ ಚೀಲದಲ್ಲಿ ಯಾರೂ ಹೊರಲಾರರು, ಎರಡು ಮಾಡು. ಅಡುಗೆಗೆ ಗ್ಯಾಸೇ ಇಲ್ಲದ ರೂಮುಗಳಿಗೆ ಅಕ್ಕಿ ಕೊಟ್ಟು ಉಪಯೋಗವಿಲ್ಲ. ಅಲ್ಲಿಗೆ ತಯಾರಾದ ಊಟ ಬೇಕು. ಆ ಊಟವನ್ನು ಸಂಘವೇ ಬೇಯಿಸುವ ಬದಲು ಹತ್ತಿರದ ನಮ್ಮವರ ಹೋಟೆಲಿಗೆ ಹಣ ಕೊಟ್ಟು ಮಾಡಿಸು. ದಿನಕ್ಕೆ ನೂರು ಊಟದ ಖಾತ್ರಿ ಸಿಕ್ಕರೆ ಒಲೆ ಆರುವುದಿಲ್ಲ, ಹುಡುಗರೂ ಊರಿಗೆ ಓಡುವುದಿಲ್ಲ. ಮೇಲೆ ಹೇಳಿದ ಲೆಕ್ಕ ಇಲ್ಲಿಗೆ ಬಂದು ಸೇರುತ್ತದೆ ನೋಡು. ಬೇಯಿಸಿದ ಅನ್ನ ನಾಲ್ಕು ಗಂಟೆಯೊಳಗೆ ಹೊಟ್ಟೆ ಸೇರಬೇಕು. ಹತ್ತಕ್ಕೆ ಕಟ್ಟಿ ಮೂರಕ್ಕೆ ಹಂಚಿದರೆ ವಾಂತಿಭೇದಿ ಆದೀತು.

ಹಣದ ಕಾಗದಪತ್ರ ಮೊದಲ ದಿನದಿಂದಲೇ ಶುದ್ಧವಾಗಿರಲಿ. ಟ್ರಸ್ಟ್ ಡೀಡಿನ ಉದ್ದೇಶಗಳಲ್ಲಿ ಆಪತ್ಕಾಲದ ನೆರವು ಎಂದಿದೆಯೇ ನೋಡು. ಬರೀ "ಕಲೆ, ಸಾಹಿತ್ಯ" ಎಂದಿದ್ದರೆ ಈಗಲೇ ವಕೀಲರನ್ನು ಕೇಳು. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ ಎಂದು ರಶೀದಿ ಪುಸ್ತಕದಲ್ಲೇ ಅಚ್ಚಾಗಲಿ. ಗಲ್ಫಿನಲ್ಲಿರುವ ನಮ್ಮವರು ಭಾರತದ ಪಾಸ್‌ಪೋರ್ಟಿನವರಾಗಿದ್ದು ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ತೊಂದರೆಯಿಲ್ಲ. ವಿದೇಶಿ ಪೌರತ್ವ ಪಡೆದವರ ಹಣ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದೆ ಮುಟ್ಟಬೇಡ, ಅವರು ಎಷ್ಟೇ ಹತ್ತಿರದವರಾಗಿರಲಿ.

ಸರ್ಕಾರದ ಆದೇಶ ಆಗಾಗ ಬದಲಾಗುತ್ತದೆ, ಹಳೆಯ ಫಾರ್ವರ್ಡ್ ತಿರುಗುತ್ತಲೇ ಇರುತ್ತದೆ. ಮರಾಠಿ ಚೆನ್ನಾಗಿ ಬಲ್ಲ ಒಬ್ಬರನ್ನು ಗೊತ್ತುಮಾಡಿ, ಹೊಸ ಆದೇಶ ಬಂದ ಸಂಜೆಯೇ ನಾಲ್ಕು ಸಾಲು ಕನ್ನಡದಲ್ಲಿ, ಆದೇಶದ ತಾರೀಖಿನ ಸಮೇತ ಕಳಿಸುವಂತೆ ಮಾಡು. ಇನ್ನು ಹೋಟೆಲಿನಲ್ಲಿ ರೋಗ ಹರಡದಿರಲು, ಬಾಗಿಲಲ್ಲಿ ಔಷಧಿ ಸಿಂಪಡಿಸುವುದಕ್ಕಿಂತ ಕಿಟಕಿ ತೆರೆದಿಡುವುದು, ಎಕ್ಸಾಸ್ಟ್ ಫ್ಯಾನು ಗಾಳಿಯನ್ನು ಹೊರಕ್ಕೆ ತಳ್ಳುತ್ತಿದೆಯೇ ಎಂದು ನೋಡುವುದು ಮುಖ್ಯ. ಹುಡುಗರು ಮಲಗುವ ಮೇಲಿನ ರೂಮಿಗೂ ಅದು ಅನ್ವಯ.

ಯಕ್ಷಗಾನ, ಭಜನೆ ಬಿಟ್ಟರೆ ಸಂಘ ಉಳಿಯದು ಎಂದಿದ್ದೀಯ, ನಿಜ. ಆದರೆ ಭಾಗವತರು ಒಂದು ಮನೆಯಲ್ಲಿ, ಮದ್ದಳೆ ಇನ್ನೊಂದು ಮನೆಯಲ್ಲಿ ಕೂತು ಝೂಮ್‌ನಲ್ಲಿ ನುಡಿಸಲು ಆಗದು. ಧ್ವನಿ ತಡವಾಗಿ ತಲುಪುವುದರಿಂದ ತಾಳ ಕೂಡುವುದೇ ಇಲ್ಲ. ಹಿಮ್ಮೇಳ ಒಂದೇ ಕೋಣೆಯಲ್ಲಿರಬೇಕು, ಅರ್ಥಧಾರಿಗಳು ಅವರವರ ಮನೆಯಿಂದ ಮಾತಾಡಬಹುದು. ತಾಳಮದ್ದಳೆ ಹೀಗೆ ಚೆನ್ನಾಗಿಯೇ ಹೊಂದುತ್ತದೆ. ಸೆಟ್ಟಿಂಗ್ಸ್‌ನಲ್ಲಿ "ಒರಿಜಿನಲ್ ಸೌಂಡ್" ಆನ್ ಮಾಡು, ಇಲ್ಲದಿದ್ದರೆ ಶ್ರುತಿಯನ್ನೂ ಚೆಂಡೆಯನ್ನೂ ಅದು ಗದ್ದಲವೆಂದು ತಿಳಿದು ಅಳಿಸಿಬಿಡುತ್ತದೆ. ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಕರೆ ಕಡಿಯುತ್ತದೆ, ವಾರ್ಷಿಕ ಮಹಾಸಭೆಗೆ ಹಣ ಕಟ್ಟಿಯೇ ಮಾಡು. ಯೂಟ್ಯೂಬ್ ಲೈವ್ ಮೊದಲ ಸಲ ತೆರೆಯಲು 24 ಗಂಟೆ ಹಿಡಿಯುತ್ತದೆ, ಕಾರ್ಯಕ್ರಮದ ದಿನ ಬೆಳಿಗ್ಗೆ ಶುರುಮಾಡಿದರೆ ಆಗುವುದಿಲ್ಲ.

ಪಟ್ಟಿಯ ಖಾಲಿ ಹಾಳೆ, ಹೋಟೆಲ್ ಲೆಕ್ಕದ ಹಾಳೆ ಎರಡನ್ನೂ ನಿನಗೆ ಬೇರೆಯಾಗಿ ಕಳಿಸುತ್ತೇನೆ. ನಿಮ್ಮ ಸ್ಟೇಷನ್ನಿನ ಪೂರ್ವದ ಕಡೆಯದನ್ನು ಮೊದಲು ತುಂಬಿಸು. ಹೋಟೆಲಿನವರ ಬಳಿ ಲೆಕ್ಕಕ್ಕೆ ಕೂರುವುದಾದರೆ ಮಧ್ಯಾಹ್ನ ಮೂರರಿಂದ ನಾಲ್ಕೂವರೆಯೊಳಗೆ ಹೋಗು, ಗಲ್ಲಾದವರಿಗೆ ಪುರುಸೊತ್ತು ಆಗ ಮಾತ್ರ. ಹಿಂದಿನ ಮೂರು ತಿಂಗಳ ಕರೆಂಟ್ ಬಿಲ್ಲು, ಕಂಡಕ್ಟಿಂಗ್ ಕರಾರಿನ ಜೆರಾಕ್ಸ್ ತೆಗೆದಿಡಲು ಮುಂಚಿನ ದಿನವೇ ಹೇಳಿರು.

ನಿನ್ನ ಗೆಳೆಯ