ಕಲ್ಲಿದ್ದಲು ಮುಗಿದರೆ ಮುಂದೇನು ಅಂದಿರಲ್ಲ, ಅಪ್ಪ

ಎಸ್ಬಿಯರ್, ಡೆನ್ಮಾರ್ಕ್

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಹೋದ ವಾರ ಫೋನಿನಲ್ಲಿ "ಪೆಟ್ರೋಲು, ಕಲ್ಲಿದ್ದಲು ಎಲ್ಲಾ ಮುಗಿದ ಮೇಲೆ ಜಗತ್ತು ಏನು ಮಾಡುತ್ತೋ?" ಅಂತ ಕೇಳಿದಿರಿ. ನಾನು ಅವಸರದಲ್ಲಿ ಸೋಲಾರ್ ಅಂತೇನೋ ಹೇಳಿ ಫೋನ್ ಇಟ್ಟುಬಿಟ್ಟೆ. ಆಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನ್ನ ಕೆಲಸ ಈ ಬಂದರಿನಲ್ಲೇ ಅಲ್ಲವೇ. ಉತ್ತರ ಸಮುದ್ರದ ಎಣ್ಣೆ ಬಾವಿಗಳಿಗೆ ಹೋಗುವ ಹಡಗುಗಳೂ ಇಲ್ಲಿಂದಲೇ ಹೊರಡುತ್ತವೆ, ಗಾಳಿಯಂತ್ರಗಳನ್ನು ಹೊತ್ತ ಹಡಗುಗಳೂ ಇಲ್ಲಿಂದಲೇ. 80 ಮೀಟರ್ ಉದ್ದದ ಒಂದೊಂದು ರೆಕ್ಕೆ ದಡದಲ್ಲಿ ಸಾಲಾಗಿ ಮಲಗಿರುತ್ತದೆ. ಮೊದಲ ದಿನ ಅದರ ಪಕ್ಕದಲ್ಲಿ ನಡೆದಾಗ ಮುಗಿಯುವುದೇ ಇಲ್ಲವೇನೋ ಅನ್ನಿಸಿತ್ತು. ಈ ದೇಶ 1991ರಲ್ಲಿ ವಿಂಡೆಬಿಯ ಹತ್ತಿರ ಸಮುದ್ರದೊಳಗೆ 11 ಗಾಳಿಯಂತ್ರ ನಿಲ್ಲಿಸಿತು. ಜಗತ್ತಿನಲ್ಲಿ ಅಂಥದ್ದು ಅದೇ ಮೊದಲು. ಹನ್ನೊಂದೂ ಸೇರಿ 5 ಮೆಗಾವ್ಯಾಟ್. ಈಗ ಒಂದೇ ಯಂತ್ರ 15 ಮೆಗಾವ್ಯಾಟ್ ಕೊಡುತ್ತದೆ.

ಇವರಿಗೆ ಈ ಬುದ್ಧಿ ಬಂದದ್ದು ಸಂಕಟದಿಂದ. 1973ರಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿಹಿಡಿದಾಗ ಡೆನ್ಮಾರ್ಕಿನ ಇಂಧನದಲ್ಲಿ ನೂರಕ್ಕೆ ತೊಂಬತ್ತು ಪಾಲು ಹೊರಗಿನಿಂದ ಬರುವ ಎಣ್ಣೆಯೇ ಆಗಿತ್ತು. ಭಾನುವಾರ ಕಾರು ಓಡಿಸುವಂತಿಲ್ಲ ಅಂತ ಸರ್ಕಾರ ಕಟ್ಟಪ್ಪಣೆ ಮಾಡಿತು. ಪಕ್ಕದ ಮನೆಯ ಅಜ್ಜಿ ಆಗ ಹುಡುಗಿ, ಖಾಲಿ ಹೆದ್ದಾರಿಯಲ್ಲಿ ಸೈಕಲ್ ಹೊಡೆದದ್ದನ್ನು ಇವತ್ತಿಗೂ ಹೇಳುತ್ತಾರೆ. ಈಗ ಇಲ್ಲಿನ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯದ್ದು.

ಗಾಳಿ ನಿಂತರೆ? ನೀವು ಇದನ್ನೇ ಕೇಳುತ್ತೀರಿ ಅಂತ ಗೊತ್ತು. ಸಮುದ್ರದಡಿಯ ಕೇಬಲ್ ನಾರ್ವೆಗೆ ಹೋಗಿದೆ. ಇಲ್ಲಿ ಗಾಳಿ ಜೋರಾದಾಗ ಕರೆಂಟು ಅತ್ತ ಹರಿಯುತ್ತದೆ, ಅವರು ತಮ್ಮ ಅಣೆಕಟ್ಟಿನ ನೀರು ಉಳಿಸಿಕೊಳ್ಳುತ್ತಾರೆ. ಗಾಳಿ ಬಿದ್ದಾಗ ಆ ನೀರು ಕರೆಂಟಾಗಿ ಇತ್ತ ಬರುತ್ತದೆ. ಇಂಥ ನೆರೆಹೊರೆ ಎಲ್ಲ ದೇಶಕ್ಕೂ ಇಲ್ಲ. ಅಂಥ ಕಡೆ ಬ್ಯಾಟರಿ ಬೇಕು, ಇಲ್ಲವೇ ನೀರನ್ನು ಮೇಲಿನ ಕೆರೆಗೆ ಪಂಪ್ ಮಾಡಿಟ್ಟು ಬೇಕಾದಾಗ ಇಳಿಸಬೇಕು.

ಆದರೆ ನಿಮ್ಮ ಪ್ರಶ್ನೆ ನನ್ನನ್ನು ಕಾಡಿದ್ದು ಬೇರೆ ಕಾರಣಕ್ಕೆ. ಹೊಸ ಇಂಧನ ಬಂದರೆ ಹಳೆಯದು ತಾನಾಗಿ ಹೋಗುತ್ತದೆ ಅಂತ ನಾನೂ ನಂಬಿದ್ದೆ. ಹಾಗಾಗಿಲ್ಲ. ಕಲ್ಲಿದ್ದಲು ಬಂದಾಗ ಸೌದೆ ಹೋಗಲಿಲ್ಲ, ಎಣ್ಣೆ ಬಂದಾಗ ಕಲ್ಲಿದ್ದಲು ಹೋಗಲಿಲ್ಲ. ಉಗಿಯಂತ್ರದ ಕಾಲ ಅಂತ ನಾವು ಕರೆಯುವ 1900ರ ಸುಮಾರಿಗೆ ಜಗತ್ತು ವರ್ಷಕ್ಕೆ 80 ಕೋಟಿ ಟನ್ ಆಸುಪಾಸು ಕಲ್ಲಿದ್ದಲು ಸುಡುತ್ತಿತ್ತು. 2024ರಲ್ಲಿ ಸುಟ್ಟದ್ದು ಸುಮಾರು 880 ಕೋಟಿ ಟನ್. ಇಷ್ಟೆಲ್ಲ ಸೋಲಾರ್, ಗಾಳಿ ಬಂದ ಮೇಲೂ ಜಗತ್ತಿನ ಇಂಧನದಲ್ಲಿ ನೂರಕ್ಕೆ ಎಂಬತ್ತು ಪಾಲು ನೆಲದಿಂದ ಅಗೆದು ಸುಡುವುದೇ. ಇನ್ನೊಂದು ಕಡೆ, 200 ಕೋಟಿಗೂ ಹೆಚ್ಚು ಜನ ಇವತ್ತಿಗೂ ಸೌದೆ, ಬೆರಣಿ, ಇದ್ದಿಲಿನ ಹೊಗೆಯಲ್ಲಿ ಅಡುಗೆ ಮಾಡುತ್ತಿದ್ದಾರೆ. ಅವರಿಗೆ ಇಂಧನ ಇನ್ನೂ ಹೆಚ್ಚು ಸಿಗಬೇಕು. ಕಡಿಮೆ ಮಾಡಿ ಅಂತ ಅವರಿಗೆ ಹೇಳುವ ಬಾಯಿ ಯಾರಿಗೂ ಇಲ್ಲ.

ಒಂದು ವಿಷಯ ಮಾತ್ರ ನನಗೆ ನಿಜವಾಗಿ ಧೈರ್ಯ ಕೊಟ್ಟಿದೆ. ಪೆಟ್ರೋಲ್ ಕಾರಿನಲ್ಲಿ ಸುಟ್ಟ ಎಣ್ಣೆಯ ಕಾಲು ಭಾಗವೂ ಚಕ್ರಕ್ಕೆ ತಲುಪುವುದು ಕಷ್ಟ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಕರೆಂಟಿನ ಕಾರಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಚಕ್ರಕ್ಕೇ ಸಿಗುತ್ತದೆ. ಅಂದರೆ ಇವತ್ತು ಸುಡುತ್ತಿರುವಷ್ಟನ್ನೂ ತುಂಬಿಕೊಡಬೇಕಾಗಿಲ್ಲ, ಅದರಲ್ಲಿ ಬಹುಪಾಲು ಬರೀ ವ್ಯರ್ಥ. ಈ ಊರಿನ ಕಲ್ಲಿದ್ದಲು ಸ್ಥಾವರ 2024ರಲ್ಲಿ ಮುಚ್ಚಿತು. ಚಳಿಗಾಲದಲ್ಲಿ ಮನೆಗಳನ್ನು ಬೆಚ್ಚಗಿಡುವುದರಲ್ಲಿ ಅದರದ್ದು ದೊಡ್ಡ ಪಾಲಿತ್ತು. ಈಗ ಫ್ರಿಜ್ಜು ಒಳಗಿನ ಬಿಸಿಯನ್ನು ಹೊರಗೆ ತಳ್ಳುತ್ತದಲ್ಲ, ಅದೇ ರೀತಿ ದೊಡ್ಡ ಪಂಪು ಸಮುದ್ರದ ತಣ್ಣನೆ ನೀರಿನಿಂದಲೂ ಬಿಸಿ ಹಿಂಡಿ ಕೊಳವೆಗಳಲ್ಲಿ ಮನೆಮನೆಗೆ ಕಳಿಸುತ್ತದೆ. ಒಂದು ಪಾಲು ಕರೆಂಟಿಗೆ ಸುಮಾರು ಮೂರು ಪಾಲು ಶಾಖ. ನಾನು ಬರೆಯುತ್ತಿರುವ ಈ ಕೋಣೆ ಬೆಚ್ಚಗಿರುವುದೂ ಹಾಗೆಯೇ.

ಹಾಗಾಗಿ ಅಪ್ಪ, ಕಲ್ಲಿದ್ದಲು ನಮ್ಮ ಕಾಲಕ್ಕೆ ಮುಗಿಯುವುದಿಲ್ಲ. ಬೇಕಾದಷ್ಟಿದೆ. ಆದರೆ ಸುಟ್ಟಷ್ಟೂ ಭೂಮಿ ಬಿಸಿಯಾಗುತ್ತದೆ. ಅದಕ್ಕೇ ಇರುವಾಗಲೇ ಅದನ್ನು ನೆಲದಲ್ಲೇ ಬಿಡಬೇಕಲ್ಲ, ಅದೇ ನನ್ನ ಚಿಂತೆ.

ಬುಧವಾರ ಬಿರುಗಾಳಿ ಅಂತೆ, ನಮ್ಮ ಹಡಗು ಹೊರಡುವುದಿಲ್ಲ. ಆವತ್ತು ಬಿಡುವಾಗಿ ಫೋನ್ ಮಾಡುತ್ತೇನೆ. ಅಮ್ಮನಿಗೂ ಇದನ್ನು ಓದಿ ಹೇಳಿ.

ನಿಮ್ಮ ಮಗ