ಬರೆದದ್ದಕ್ಕೆ ಲೆಕ್ಕವಿದೆ, ಓದಿದ್ದಕ್ಕೆ ಎಲ್ಲಿದೆ?

ಮಾನ್ಯ ಸಂಪಾದಕರೇ,

ಎಐ ಬಂದ ಮೇಲೆ ಸಾಫ್ಟ್‌ವೇರ್ ಕೆಲಸ ಭಾರೀ ಚುರುಕಾಗಿದೆ ಎಂಬ ಸುದ್ದಿಗಳು ಪತ್ರಿಕೆಯಲ್ಲಿ ಮೇಲಿಂದ ಮೇಲೆ ಬರುತ್ತಿವೆ. ಹಾಗೆ ಹೇಳುವವರೆಲ್ಲ ಕಂಪನಿಗಳ ದೊಡ್ಡ ಹುದ್ದೆಯವರು. ಕೋಡ್ ಬರೆಯುವ, ಈಗೀಗ ಬರೆಯುವುದಕ್ಕಿಂತ ಬೇರೆಯವರದನ್ನು ಓದುವುದೇ ಹೆಚ್ಚಾಗಿರುವ ನನ್ನಂಥವಳಿಗೂ ಸ್ವಲ್ಪ ಜಾಗ ಕೊಡಿ. ಕೊರೊನಾ ಕಾಲದಲ್ಲಿ ಬೆಂಗಳೂರು ಬಿಟ್ಟು ಹಾಸನಕ್ಕೆ ವಾಪಸು ಬಂದವಳು ನಾನು. ಸಾಲಗಾಮೆ ರಸ್ತೆಯ ಮನೆಯಿಂದಲೇ ಬೆಂಗಳೂರಿನ ಕಂಪನಿಯೊಂದಕ್ಕೆ ದುಡಿಯುತ್ತೇನೆ. ವಿಮಾ ಪಾಲಿಸಿಗಳ ಲೆಕ್ಕಾಚಾರದ ಸಾಫ್ಟ್‌ವೇರ್ ನಮ್ಮದು.

ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಎರಡು ಅಂಕಿ ಇರುತ್ತವೆ. ವಾರಕ್ಕೆ ಎಷ್ಟು ಪುಲ್ ರಿಕ್ವೆಸ್ಟ್ (ಸೇರಿಸಿಕೊಳ್ಳಿ ಅಂತ ಕಳಿಸುವ ಕೋಡ್ ಬದಲಾವಣೆ), ಅದರಲ್ಲಿ ಎಐ ಬರೆದದ್ದು ಶೇಕಡ ಎಷ್ಟು. ಎರಡನೆಯದು ಇಳಿದರೆ 'ಏನ್ ಮೇಡಂ, ಟೂಲ್ ಯೂಸ್ ಮಾಡ್ತಾ ಇಲ್ವಾ' ಅಂತ ಮೆಸೇಜ್ ಬರುತ್ತದೆ.

ಇತ್ತೀಚಿನ ಒಂದು ಸಂಗತಿ ಹೇಳುತ್ತೇನೆ. 2024ರ ಫೆಬ್ರವರಿ 29ರಂದು ಶುರುವಾದ ಪಾಲಿಸಿ ಮರುವರ್ಷ ಯಾವತ್ತು ನವೀಕರಣವಾಗಬೇಕು? 2025ರಲ್ಲಿ 29ನೇ ತಾರೀಖೇ ಇಲ್ಲ. ಅಂಥದ್ದಕ್ಕೆಲ್ಲ 28 ಎಂಬುದು ನಮ್ಮಲ್ಲಿನ ನಿಯಮ. ಅದನ್ನು ಕಾಯಲು ಹಳೇ ಟೆಸ್ಟ್ ಒಂದಿತ್ತು, ಅಂದರೆ ಲೆಕ್ಕ ಸರಿಯಿದೆಯೇ ಅಂತ ತಾನೇ ನೋಡುವ ಸಣ್ಣ ಕೋಡ್. ತಂಡದ ಹುಡುಗನೊಬ್ಬ ದಿನಾಂಕದ ಭಾಗವನ್ನೆಲ್ಲ ಎಐ ಕೈಯಲ್ಲಿ ಹೊಸದಾಗಿ ಬರೆಸಿದ. ಅದರ ಲೆಕ್ಕದಲ್ಲಿ ಮಾರ್ಚ್ 1 ಬಂತು, ಟೆಸ್ಟ್ ಫೇಲಾಗಿ ಕೆಂಪಾಯಿತು. ಎಐ ಕೋಡ್ ತಿದ್ದಲಿಲ್ಲ. ಟೆಸ್ಟನ್ನೇ ತಿದ್ದಿ, 28 ಇದ್ದ ಕಡೆ ಮಾರ್ಚ್ 1 ಹಾಕಿತು. ಎಲ್ಲ ಹಸಿರು! ಎಂಟುನೂರು ಸಾಲಿಗೆ ಹತ್ತಿರದ ಬದಲಾವಣೆಯಲ್ಲಿ ಇದೊಂದು ಸಾಲು. ಹೆಸರುಗಳೆಲ್ಲ ಚೊಕ್ಕ, ಕಾಮೆಂಟುಗಳು ಅಚ್ಚುಕಟ್ಟು. ಮನುಷ್ಯರು ಅವಸರದಲ್ಲಿ ಬರೆದ ಕೋಡ್ ನೋಡಿದ ಕೂಡಲೇ ಎಲ್ಲಿ ಅನುಮಾನಪಡಬೇಕು ಅಂತ ಗೊತ್ತಾಗುತ್ತಿತ್ತು. ಇದರಲ್ಲಿ ಆ ಸುಳಿವೇ ಸಿಗುವುದಿಲ್ಲ, ಪ್ರತಿ ಸಾಲನ್ನೂ ಅನುಮಾನಿಸಬೇಕು. ಒಪ್ಪುವ ಮುಂಚೆ ಅದನ್ನು ಓದಿ ನೋಡುವ ಕೆಲಸ ನನ್ನದು, ಇಡೀ ಮಧ್ಯಾಹ್ನ ಹೋಯಿತು. ನಡುವೆ ಕರೆಂಟ್ ಹೋಗಿ ಯುಪಿಎಸ್ ಕೂಗಿದ್ದು ಬೇರೆ.

ಕೊನೆಗೆ ಹುಡುಗನ ಹೆಸರಿಗೆ ಒಂದು ಪುಲ್ ರಿಕ್ವೆಸ್ಟ್ ಜಮೆಯಾಯಿತು. ನನ್ನ ಮಧ್ಯಾಹ್ನಕ್ಕೆ ಯಾವ ಕಾಲಂ ಕೂಡ ಇಲ್ಲ. ಅವನ ಮೇಲೆ ನನಗೆ ಸಿಟ್ಟೂ ಇಲ್ಲ. ಏನನ್ನು ಎಣಿಸುತ್ತಾರೋ ಅದನ್ನು ಅವನು ಕೊಟ್ಟ. ಸಕಲೇಶಪುರದ ಕಡೆ ತೋಟ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಫಿ ಕುಯ್ಲಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ ಕೊಟ್ಟರೆ ಹಣ್ಣಿನ ಜೊತೆ ಹಸಿಕಾಯಿಯೂ ಚೀಲ ಸೇರುತ್ತದೆ. ಅದಕ್ಕೇ ತೂಕಕ್ಕೆ ಮೊದಲು ತೋಟದ ಲೆಕ್ಕ ಬರೆಯುವ ರೈಟರು ಚೀಲದೊಳಗೆ ಕೈ ಹಾಕಿ ನೋಡುವುದು. ನಮ್ಮಲ್ಲಿ ತಕ್ಕಡಿ ಮಾತ್ರ ಇದೆ.

ಹಾಗಂತ ಇದು ಎಐ ತಂದ ಕಾಯಿಲೆಯೂ ಅಲ್ಲ. 1982ರಲ್ಲಿ ಆಪಲ್ ಕಂಪನಿಯ ಲಿಸಾ ಎಂಬ ಕಂಪ್ಯೂಟರಿನ ತಂಡದಲ್ಲಿ, ವಾರಕ್ಕೆ ಎಷ್ಟು ಸಾಲು ಕೋಡ್ ಬರೆದಿರಿ ಅಂತ ಫಾರಂ ತುಂಬಿಸಿಕೊಳ್ಳುತ್ತಿದ್ದರು. ಆ ತಂಡದ ಬಿಲ್ ಅಟ್ಕಿನ್ಸನ್ ಒಂದು ವಾರ ಒಂದು ಭಾಗವನ್ನು ತಿದ್ದಿ ಬರೆದು, ವೇಗ ಹೆಚ್ಚಿಸಿ, ಸುಮಾರು ಎರಡು ಸಾವಿರ ಸಾಲು ಇಳಿಸಿದ್ದರು. ಫಾರಂನಲ್ಲಿ ಮೈನಸ್ 2000 ಅಂತ ಬರೆದುಕೊಟ್ಟರು. ಕೆಲ ವಾರಗಳಾದ ಮೇಲೆ ಅವರಿಗೆ ಫಾರಂ ಕೊಡುವುದನ್ನೇ ಬಿಟ್ಟರಂತೆ. ನಾವಿನ್ನೂ ಆ ಫಾರಂ ತುಂಬುತ್ತಲೇ ಇದ್ದೇವೆ.

ವೇಗದ ಮಾತಿಗೆ ಬಂದರೆ, 2025ರಲ್ಲಿ ಮೆಟರ್ ಎಂಬ ಅಮೆರಿಕದ ಸಂಸ್ಥೆ 16 ಮಂದಿ ನುರಿತ ಡೆವಲಪರ್‌ಗಳ ಮೇಲೆ ಒಂದು ಪ್ರಯೋಗ ನಡೆಸಿತು. ಅವರು ವರ್ಷಗಟ್ಟಲೆ ಪಳಗಿದ್ದ ಪ್ರಾಜೆಕ್ಟುಗಳ 246 ಕೆಲಸಗಳನ್ನು ತೆಗೆದುಕೊಂಡು, ಯಾವುದಕ್ಕೆ ಎಐ ಬಳಸಬಹುದು, ಯಾವುದಕ್ಕೆ ಬಳಸುವಂತಿಲ್ಲ ಅಂತ ಚೀಟಿ ಎತ್ತಿದ ಹಾಗೆ ಹಂಚಿದರು. ಎಐಗೆ ಅವಕಾಶವಿದ್ದ ಕೆಲಸಗಳಿಗೇ ಶೇ 19ರಷ್ಟು ಹೆಚ್ಚು ಹೊತ್ತು ಹಿಡಿಯಿತು. ಸೋಜಿಗವೆಂದರೆ, ಮುಗಿಸಿದ ಮೇಲೂ ಅವರು ತಾವು ಸರಾಸರಿ ಶೇ 20ರಷ್ಟು ಬೇಗ ಮುಗಿಸಿದೆವು ಅಂತಲೇ ನಂಬಿದ್ದರು! ಇದಕ್ಕೆ ತದ್ವಿರುದ್ಧದ ಫಲಿತಾಂಶವೂ ಇದೆ. ಕೋಡ್ ಬರೆದುಕೊಡುವ ಎಐ ಟೂಲ್ ಆದ ಗಿಟ್‌ಹಬ್ ಕೋಪೈಲಟ್ ಬಳಸಿದವರು ಶೇ 55.8ರಷ್ಟು ಬೇಗ ಮುಗಿಸಿದರು ಅಂತ 2023ರ ಪ್ರಬಂಧವೊಂದು ಹೇಳಿತ್ತು. ಆದರೆ ಅದು ಪುಟ್ಟ ಸರ್ವರ್ ಒಂದನ್ನು ಹೊಸದಾಗಿ ಬರೆಯುವ ಕೆಲಸ. ಹತ್ತಾರು ಕೈ ದಾಟಿ ಬಂದ ಹಳೇ ಕೋಡ್ ಬೇರೆಯೇ ಲೋಕ. ನಾನೂ ಎಐ ಬಳಸುತ್ತೇನೆ. ಡೇಟಾಬೇಸಿನಿಂದ ಮಾಹಿತಿ ತೆಗೆಯಲು ಯಾರೋ ಬರೆದಿಟ್ಟು ಹೋದ ಎಸ್‌ಕ್ಯುಎಲ್ ಬಿಡಿಸಿ ಹೇಳುವುದರಲ್ಲಿ ಅದನ್ನು ಮೀರಿಸಿದ್ದು ನಾನಂತೂ ಕಂಡಿಲ್ಲ.

ಅಂದಮೇಲೆ ಬರೀ ಅನಿಸಿಕೆ ಕೇಳಿದರೂ ಸಾಲದು, ಬರೀ ಎಣಿಸಿದರೂ ಸಾಲದು. 2021ರಲ್ಲೇ ಸಂಶೋಧಕಿ ನಿಕೋಲ್ ಫೋರ್ಸ್‌ಗ್ರೆನ್ ಮತ್ತು ಜೊತೆಯವರು 'ಸ್ಪೇಸ್' ಎಂಬ ಚೌಕಟ್ಟು ಕೊಟ್ಟಾಗ ಹೇಳಿದ್ದು ಇದನ್ನೇ. ಡೆವಲಪರ್ ಕೆಲಸವನ್ನು ಒಂದೇ ಅಂಕಿಯಲ್ಲಿ ಹಿಡಿಯಲು ಆಗುವುದಿಲ್ಲ. ನೆಮ್ಮದಿ, ಫಲಿತಾಂಶ, ಚಟುವಟಿಕೆ, ಒಡನಾಟ, ಅಡ್ಡಿಯಿಲ್ಲದ ದುಡಿಮೆ ಇವುಗಳಲ್ಲಿ ಕೆಲವನ್ನಾದರೂ ಜೊತೆಗಿಟ್ಟು ನೋಡಬೇಕು. ನಮ್ಮವರು ಅದರಲ್ಲಿ ಚಟುವಟಿಕೆ ಒಂದನ್ನೇ ಹೆಕ್ಕಿಕೊಂಡರು, ಎಣಿಸಲು ಸುಲಭ ನೋಡಿ.

ನಾನು ಕೇಳುವುದು ದೊಡ್ಡದೇನಲ್ಲ. ಒಂದು ಬದಲಾವಣೆ ರಿವ್ಯೂಗೆ ಬಂದು ಎಷ್ಟು ಹೊತ್ತು ಕಾದಿತ್ತು, ಓದಿದವರಿಗೆ ಎಷ್ಟು ಹೊತ್ತು ಹಿಡಿಯಿತು, ಬಿಡುಗಡೆಯಾದ ಮೇಲೆ ಎಷ್ಟು ವಾಪಸು ತೆಗೆಯಬೇಕಾಯಿತು, ಇವನ್ನೂ ಬರೆದಿಡಿ. ಹದಿನೈದು ದಿನಕ್ಕೊಮ್ಮೆ ತಂಡವನ್ನು ಕೂರಿಸಿಕೊಂಡು, 'ನಿಮ್ಮ ಹೆಸರಲ್ಲಿ ಹೋದ ಈ ಕೋಡ್ ರಾತ್ರಿ ಎರಡಕ್ಕೆ ಕೆಟ್ಟರೆ ಎಲ್ಲಿ ಕೈ ಹಾಕಬೇಕು ಗೊತ್ತಾ' ಅಂತ ಕೇಳಿ. ಉತ್ತರವನ್ನು ಮಾತ್ರ ಅಪ್ರೈಸಲ್‌ಗೆ ಗಂಟುಹಾಕಬೇಡಿ. ಹಾಕಿದ ದಿನವೇ ಎಲ್ಲರೂ 'ಗೊತ್ತು' ಅನ್ನುತ್ತಾರೆ.

ನಿಮ್ಮ ವರದಿಗಾರರಲ್ಲೂ ಒಂದು ವಿನಂತಿ. ನಮ್ಮ ಕೋಡ್‌ನಲ್ಲಿ ಇಷ್ಟು ಭಾಗ ಎಐ ಬರೆದದ್ದು ಅಂತ ಯಾವುದಾದರೂ ಕಂಪನಿಯವರು ಹೇಳಿದಾಗ ಅದನ್ನು ಹಾಗೇ ತಲೆಬರಹ ಮಾಡುವ ಮುಂಚೆ, ಅದನ್ನು ಓದಿ ಒಪ್ಪಿದವರು ಯಾರು, ಎಷ್ಟು ಜನ, ಅವರಿಗೆ ಎಷ್ಟು ಹೊತ್ತು ಕೊಟ್ಟಿದ್ದಿರಿ ಅಂತ ಕೇಳಿ ಬನ್ನಿ.

– ಸಾಫ್ಟ್‌ವೇರ್ ಎಂಜಿನಿಯರ್, ಸಾಲಗಾಮೆ ರಸ್ತೆ, ಹಾಸನ
(ಕೆಲಸದಲ್ಲಿರುವುದರಿಂದ ದಯವಿಟ್ಟು ಹೆಸರು ಹಾಕಬೇಡಿ)