ಮೈಕಿನ ಮುಂದೆ ಸುಮ್ಮನಿದ್ದವನಿಗೆ

ಚಿತ್ರದುರ್ಗ

ಗೆಳೆಯಾ,

ಮೊನ್ನೆ ಆಕಾಶವಾಣಿಯ ಉದ್ಘೋಷಕನಾಗಿದ್ದ ನಿನ್ನ ಬೀಳ್ಕೊಡುಗೆಯಲ್ಲಿ ಮಾತನಾಡಿದವರೆಲ್ಲ ನಿನ್ನದು ಕಂಚಿನ ಕಂಠ ಎಂದು ಹೊಗಳಿದ್ದೇ ಹೊಗಳಿದ್ದು. ಮುಖ್ಯ ಅತಿಥಿಗಳಂತೂ 1935ರಲ್ಲಿ ಮೈಸೂರಿನ ಪ್ರೊಫೆಸರ್ ಗೋಪಾಲಸ್ವಾಮಿಯವರು ಮನೆಯಲ್ಲೇ ಬಾನುಲಿ ಕೇಂದ್ರ ತೆರೆದದ್ದರಿಂದ ಶುರುಮಾಡಿ ನಿನ್ನವರೆಗೆ ಬರುವಷ್ಟರಲ್ಲಿ ಮಿರ್ಚಿ ತಣ್ಣಗಾಗಿ, ಮಂಡಕ್ಕಿ ಮೆತ್ತಗಾಗಿತ್ತು. ನನಗೆ ಒಳಗೊಳಗೇ ಸಿಟ್ಟು. ಕಂಠವೊಂದೇ ಸಾಕಿದ್ದರೆ ಮಾರುಕಟ್ಟೆಯಲ್ಲಿ ಈರುಳ್ಳಿ ಹರಾಜು ಕೂಗುವವನೂ ಉದ್ಘೋಷಕನಾಗಬಹುದಿತ್ತು. ವೇದಿಕೆಗೆ ನನ್ನನ್ನು ಯಾರೂ ಕರೆಯಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಜನ ಓದಲಿ ಎಂದೇ ಬಹಿರಂಗವಾಗಿ ಹಾಕಿದ್ದೇನೆ, ಬೈಯಬೇಡ.

ನಿನ್ನ ಕಂಠದ ಕಥೆ ನನಗೆ ಗೊತ್ತಿಲ್ಲವೇ? ಮೊದಲ ಧ್ವನಿ ಪರೀಕ್ಷೆಯಲ್ಲಿ ಹಕಾರವನ್ನೆಲ್ಲ ನುಂಗಿ ಬಂದವನು ನೀನು. ಆಮೇಲೆ ಜೋಗಿಮಟ್ಟಿ ರಸ್ತೆಯಲ್ಲಿ ದಿನಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಾ ನಡೆಯುತ್ತಿದ್ದೆ, ದನ ಕಾಯುವ ಹುಡುಗರು ನಿನಗೆ ದೂರದಿಂದಲೇ ದಾರಿ ಬಿಡುತ್ತಿದ್ದರು. ಬೆಳಗಿನ 6.55ರ ಸಂಸ್ಕೃತ ವಾರ್ತೆಯಲ್ಲಿ ಬಲದೇವಾನಂದ ಸಾಗರ ಅವರನ್ನು ಕೇಳಿ ಕೇಳಿ ಮಹಾಪ್ರಾಣಗಳನ್ನು ತಿದ್ದಿಕೊಂಡೆ. ಮತ್ತೆ ಪರೀಕ್ಷೆ, ಉದ್ಘೋಷಕರಿಗೆ ಆಕಾಶವಾಣಿ ಕೊಡುವ ವಾಣಿ ಪ್ರಮಾಣಪತ್ರದ ತರಬೇತಿ, ಕೊನೆಗೂ ಚಿತ್ರದುರ್ಗ ಆಕಾಶವಾಣಿಯ ಎಫ್‌ಎಂ 102.6ರಲ್ಲಿ ಬೆಳಗಿನ ಡ್ಯೂಟಿ.

ಕಾಯಂ ಅಲ್ಲದ ಸಾಂದರ್ಭಿಕ ಉದ್ಘೋಷಕನಿಗೆ ತಿಂಗಳಿಗೆ ಆರು ಡ್ಯೂಟಿ. ಉಳಿದ ದಿನ ವಿಮೆ ಪಾಲಿಸಿಯ ಚೀಲ ಹೆಗಲಿಗೇರಿಸಿ ಹೊಳಲ್ಕೆರೆ, ಹೊಸದುರ್ಗ, ಚಳ್ಳಕೆರೆ ಸುತ್ತುತ್ತಿದ್ದೆ. ನಿನ್ನ ನಿಜವಾದ ತರಬೇತಿ ಆ ಸುತ್ತಾಟದಲ್ಲೇ ಆಯಿತು ಎಂಬುದು ನನ್ನ ವಾದ. ಯಾರ ತೋಟ ಯಾರಿಗೆ ಚೇಣಿಗೆ ಹೋಯಿತು, ಶೇಂಗಾಕ್ಕೆ ಯಾವ ರೋಗ ಬಿತ್ತು, ಯಾವ ಊರಿಗೆ ಬೆಳಗಿನ ಬಸ್ಸು ನಿಂತುಹೋಯಿತು, ಎಲ್ಲ ನಿನಗೆ ಗೊತ್ತು. ಕಾರ್ಯಕ್ರಮಕ್ಕೆ ಫೋನಿನಲ್ಲಿ ಬಂದವರು ಊರಿನ ಹೆಸರು ಹೇಳಿದರೆ ಸಾಕು, "ಕೆರೆ ಏರಿಯ ರಸ್ತೆ ರಿಪೇರಿ ಆಯಿತೇ?" ಎಂದು ಕೇಳುತ್ತಿದ್ದೆ. ಅಲ್ಲಿಗೆ ಅವರ ಸಂಕೋಚ ಮಾಯ. ಹಾಡು ಕೋರಲು ಬಂದವರು ಮಗಳ ಮದುವೆಯ ಸಾಲದ ಸುದ್ದಿಗಿಳಿಯುತ್ತಿದ್ದರು.

ಒಮ್ಮೆ ಸ್ಟುಡಿಯೋದ ಗಾಜಿನ ಈಚೆ ಕುಳಿತು ನಿನ್ನ ಕೆಲಸ ನೋಡಿದ್ದೇನೆ. ಕೈಗಡಿಯಾರ ಮೇಜಿಗೆ ತಗುಲಿ ಸದ್ದಾಗದಿರಲೆಂದು ಬಿಚ್ಚಿ ಕರವಸ್ತ್ರದ ಮೇಲೆ ಇಟ್ಟಿದ್ದೆ. ಓದಿ ಮುಗಿದ ಹಾಳೆಯನ್ನು ಮಗುಚದೆ ಪಕ್ಕಕ್ಕೆ ಜಾರಿಸುತ್ತಿದ್ದೆ. ಒಂದು ಕೈ ಸದ್ದು ಏರಿಸಿ ಇಳಿಸುವ ಫೇಡರ್ ಮೇಲೆ, ಇನ್ನೊಂದು ಕೈಯ ಬೆರಳು ಕಾರ್ಯಕ್ರಮದ ಸರದಿ ಬರೆದ ಕ್ಯೂ ಶೀಟಿನ ಮುಂದಿನ ಸಾಲಿನ ಮೇಲೆ. ಹಾಡು ಎಷ್ಟು ನಿಮಿಷ, ಎಷ್ಟು ಸೆಕೆಂಡು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಅಷ್ಟು ಕಟ್ಟುನಿಟ್ಟಿನ ಮನುಷ್ಯ ಅದೇ ಶೀಟನ್ನು ಒಂದು ದಿನ ಬದಿಗೆ ಸರಿಸಿದನಲ್ಲ, ಅದನ್ನು ವೇದಿಕೆಯಲ್ಲಿ ಒಬ್ಬರಾದರೂ ನೆನೆಯಬೇಕಿತ್ತು.

2022ರ ಸೆಪ್ಟೆಂಬರ್. ವಾಣಿವಿಲಾಸ ಸಾಗರ ಜಲಾಶಯ 130 ಅಡಿ ತುಂಬಿ, 1933ರ ನಂತರ ಮೊದಲ ಸಲ ಕೋಡಿ ಬಿದ್ದಿತ್ತು. ಅದರ ಅಣೆಕಟ್ಟು ಇರುವ ಮಾರಿಕಣಿವೆಯತ್ತ ಜನಜಾತ್ರೆ. ಅಂದು ಬೆಳಗ್ಗೆ ಫೋನ್ ಮಾಡಿದವರಿಗೆಲ್ಲ ಸಂಭ್ರಮವೋ ಸಂಭ್ರಮ. ನಡುವೆ ಹಿರಿಯೂರು ಕಡೆಯ ಅಜ್ಜನೊಬ್ಬ ಬಂದ. "ನೀರೇನೋ ಬಂತು ಸ್ವಾಮಿ, ತೋಟವೇ ಇಲ್ಲ. ಬರಗಾಲದಲ್ಲಿ ಒಣಗಿದ ತೆಂಗನ್ನೆಲ್ಲ ಕಡಿಸಿ ಇಟ್ಟಿಗೆ ಭಟ್ಟಿಗೆ ಕಳಿಸಿದೆ" ಎಂದ. ಬೇರೆ ಯಾರೇ ಆಗಿದ್ದರೂ "ಇರಲಿ ಬಿಡಿ, ಮುಂದೆ ಒಳ್ಳೆಯದಾಗುತ್ತದೆ" ಎಂದು ಹಾಡು ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ನೀನು ಸುಮ್ಮನಾದೆ. ರೇಡಿಯೋದವನು ಸುಮ್ಮನಾಗುವುದೆಂದರೆ ಏನು! ನನ್ನ ಅಂಗಡಿಯಲ್ಲಿ ಕೇಳುತ್ತಿದ್ದ ನಾನು ರೇಡಿಯೋ ಪೆಟ್ಟಿಗೆ ಕೆಟ್ಟಿತೇನೋ ಎಂದು ಅದರ ತಲೆಯ ಮೇಲೊಂದು ಬಡಿದೆ. ಆಮೇಲೆ ನಿನ್ನ ಮಾತು ಬಂತು: "ಎಷ್ಟು ಮರ ಇದ್ದವು ಅಜ್ಜಾ?" ಅಜ್ಜ ಲೆಕ್ಕ ಹೇಳಲಿಲ್ಲ. ಬಾವಿಯ ಪಕ್ಕದ ಸಾಲು ಅಪ್ಪ ನೆಟ್ಟದ್ದು, ಬದುವಿನ ಎರಡು ಮರ ಹೆಂಡತಿ ಬಸುರಿಯಾಗಿದ್ದಾಗ ನೆಟ್ಟದ್ದು ಎಂದು ತೋಟದುದ್ದಕ್ಕೂ ನಡೆಯುತ್ತಾ ಹೋದ. ಮುಂದಿನ ಹಾಡನ್ನು ನೀನು ಕೈಬಿಟ್ಟೆ. ಅಂಗಡಿಗೆ ಬಂದ ಗಿರಾಕಿಗಳು ಸಾಮಾನು ಕೇಳುವುದನ್ನು ಮರೆತು ನಿಂತಿದ್ದರು.

ಈಗ ಎಷ್ಟೋ ಮೊಬೈಲುಗಳಲ್ಲಿ ಎಫ್‌ಎಂ ಇಲ್ಲವೇ ಇಲ್ಲ, ಕೇಳುವವರು ಎಲ್ಲಿ ಎಂದು ನೀನು ಗೊಣಗುತ್ತೀಯೆ. ಇರಬಹುದು. ಆದರೆ ನಮ್ಮ ಬೀದಿಯ ಹುಡುಗಿಯೊಬ್ಬಳು ದಾವಣಗೆರೆಯಲ್ಲಿ ಎಂಎ ಓದುತ್ತಾ ಧ್ವನಿ ಪರೀಕ್ಷೆಗೆ ತಯಾರಾಗುತ್ತಿದ್ದಾಳೆ, ನಿನ್ನನ್ನು ನೋಡಬೇಕಂತೆ. ಅವಳಿಗೆ ಉಚ್ಚಾರಣೆ ಹೇಳಿಕೊಡಲು ಹೋಗಬೇಡ, ಅದು ನಿನಗಿಂತ ಚೆನ್ನಾಗಿದೆ. ವಿಮೆ ಕಂತು ವಸೂಲಿಗೆ ಹೊರಟಾಗ ಒಂದೆರಡು ದಿನ ಜೊತೆಗೆ ಕರೆದುಕೊಂಡು ಹೋಗು. ಬಸ್ಸಿನ ಖರ್ಚು ಅವಳ ಅಪ್ಪ ಕೊಡುತ್ತಾರೆ, ಬುತ್ತಿ ಅತ್ತಿಗೆ ಕಟ್ಟಿಕೊಡಲಿ. ಭಾನುವಾರ ಹನ್ನೊಂದಕ್ಕೆ ಅವಳನ್ನು ಕರೆದುಕೊಂಡು ಬರುತ್ತೇನೆ. ನಿವೃತ್ತಿಯ ನೆಪದಲ್ಲಿ ಆ ಹೊತ್ತಿಗೂ ಮುಸುಕು ಹೊದ್ದು ಮಲಗಿರಬೇಡ.

ನಿನ್ನ,
ಅಂಗಡಿಯ ಗೆಳೆಯ